ಮುದ್ರೆಯ ಹಂದಿ, ಬಾವುಟದ ಹಕ್ಕಿ

(ನಾಸಿಕ ಜಿಲ್ಲೆಯ ಘೋಟಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಾದ ಪಠ್ಯ)

ಘೋಟಿಯಿಂದ ಸಿನ್ನರಿಗೆ ಹೋಗುವ ದಾರಿಯಲ್ಲಿ ಒಂದು ಕವಲು ಟಾಕೇದ್ ಎಂಬ ಊರಿಗೆ ಒಯ್ಯುತ್ತದೆ. ಸುತ್ತಲಿನವರು ಅದನ್ನು ಸರ್ವತೀರ್ಥ ಟಾಕೇದ್ ಎನ್ನುತ್ತಾರೆ. ರಾವಣನ ಕತ್ತಿಗೆ ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಅಲ್ಲೇ, ಸಾಯುತ್ತಿದ್ದ ಹಕ್ಕಿಗೆ ರಾಮ ಎಲ್ಲ ತೀರ್ಥಗಳನ್ನೂ ಒಂದೆಡೆ ಕರೆಸಿ ನೀರು ಕುಡಿಸಿದ್ದೂ ಅಲ್ಲೇ ಎಂಬುದು ಅವರ ನಂಬಿಕೆ. ಕವಲು ಹಿಡಿಯದೆ ನೇರ ಹೋದರೆ ಸಿನ್ನರ್ ಸಿಗುತ್ತದೆ. ದೇವಗಿರಿಯನ್ನು ಕಟ್ಟಿಕೊಳ್ಳುವ ಮೊದಲು ಸೇವುಣ ಅರಸರು ಆಳುತ್ತಿದ್ದ ಸಿಂದಿನಗರ ಅದೇ. ಆ ಅರಸರ ಬಾವುಟದ ಮೇಲೆ ಇದ್ದದ್ದು ಚಿನ್ನದ ಗರುಡ. ಜಟಾಯು ಅರುಣನ ಮಗ, ಗರುಡ ಅರುಣನ ತಮ್ಮ. ಹೀಗೆ ಒಂದೇ ರಸ್ತೆಯ ಮೇಲೆ ಅಣ್ಣನ ಮಗನ ಗುಡಿಯೂ ಚಿಕ್ಕಪ್ಪನ ಬಾವುಟದ ಊರೂ ಇವೆ.

ಇದನ್ನು ಕಾಕತಾಳೀಯ ಎಂದು ಬಿಟ್ಟುಬಿಡಬಹುದು. ಆದರೆ ಅರಸುಮನೆತನಗಳು ಹಂದಿ, ಹುಲಿ, ಆನೆ, ಗರುಡ, ಗಂಡಭೇರುಂಡಗಳನ್ನು ಯಾಕೆ ಹಿಡಿದವು ಎಂದು ತಿಳಿಯಬೇಕೆನ್ನುವವರಿಗೆ ಈ ನಾಸಿಕ ಸೀಮೆ ಒಳ್ಳೆಯ ಪ್ರಾರಂಭ. ಬಾದಾಮಿಯ ಇಮ್ಮಡಿ ಪುಲಕೇಶಿಯ 630ರ ತಾಮ್ರಶಾಸನ ಸಿಕ್ಕಿದ್ದು ಇದೇ ಜಿಲ್ಲೆಯ ಲೋಹಣೇರಿನಲ್ಲಿ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಶಾಸನವೊಂದು ಸಿಕ್ಕಿದ್ದು ಸಪ್ತಶೃಂಗಿ ಬೆಟ್ಟದ ಬುಡದ ವಣಿಯಲ್ಲಿ. ಅದನ್ನು ಹೊರಡಿಸಿದ ಬೀಡು ಮಯೂರಖಂಡಿ, ಅಂದರೆ ಅಲ್ಲೇ ಹತ್ತಿರದ ಮಾರ್ಕಂಡ ಬೆಟ್ಟ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಮೊದಲು ವರಾಹ, ಆಮೇಲೆ ಗರುಡ, ಅದರ ಬೆನ್ನಿಗೆ ಸೇವುಣರ ಮತ್ತೊಂದು ಗರುಡ: ಕನ್ನಡ ನಾಡಿನ ನಂಟಿದ್ದ ಮೂರು ಮನೆತನಗಳ ಪ್ರಾಣಿಗಳು ಈ ಮಣ್ಣಿನ ಮೇಲೆ ಒಂದರ ಹಿಂದೊಂದು ನಡೆದುಹೋಗಿವೆ.

ಆ ಪ್ರಾಣಿಗಳು ಅಲಂಕಾರಕ್ಕೆ ಇದ್ದವಲ್ಲ ಎಂಬುದು ಈ ಉಪನ್ಯಾಸದ ವಾದ. ಅವು ಹಕ್ಕುಪತ್ರದ ಸಹಿಯಂತೆ ಕೆಲಸ ಮಾಡಿದವು. ಸಹಿಯನ್ನು ಮಗ ಉಳಿಸಿಕೊಳ್ಳಬಹುದು, ಶತ್ರು ಕಿತ್ತುಕೊಳ್ಳಬಹುದು, ಮತ್ತೊಬ್ಬ ಅದಕ್ಕೆ ಎದುರು ಸಹಿ ಹಾಕಬಹುದು. ಮೂರೂ ನಡೆದಿವೆ.

ತಾಮ್ರಶಾಸನವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪುಸ್ತಕದ ಹಾಳೆಗಳ ಹಾಗೆ ಮೂರೋ ಐದೋ ತಗಡುಗಳು. ಅಕ್ಷರ ಸವೆಯದಿರಲಿ ಎಂದು ಅಂಚನ್ನು ತುಸು ಎತ್ತರಿಸಿರುತ್ತಾರೆ. ಪ್ರತಿ ತಗಡಿಗೂ ಒಂದು ತೂತು, ತೂತುಗಳಲ್ಲಿ ಪೋಣಿಸಿದ ದಪ್ಪ ಬಳೆ. ಬಳೆಯ ಎರಡೂ ತುದಿಗಳನ್ನು ಕೂಡಿಸಿ ಬೆಸೆದ ಜಾಗದಲ್ಲಿ ಒಂದು ಲೋಹದ ಗಟ್ಟಿ, ಅದರ ಮೇಲೆ ಉಬ್ಬಿ ನಿಂತ ಪ್ರಾಣಿ. ಬಳೆಯನ್ನು ಕತ್ತರಿಸದೆ ಒಂದು ತಗಡನ್ನೂ ಬದಲಾಯಿಸಲಾಗದು. ಭೂಮಿ ಪಡೆದ ಮನೆಯವರು ಅದನ್ನು ತಲೆಮಾರುಗಳ ಕಾಲ ಜೋಪಾನ ಮಾಡುತ್ತಿದ್ದರು. ಒಳಗಿನ ಸಂಸ್ಕೃತವನ್ನು ಓದಲು ಊರಿನಲ್ಲಿ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. ಹಂದಿಯನ್ನು ಗುರುತಿಸಲು ಯಾರಿಗೂ ಓದು ಬೇಕಿರಲಿಲ್ಲ. ಸಹಿ ಇದ್ದ ಮೇಲೆ ಖೋಟಾ ಸಹಿಯೂ ಇರಬೇಕಲ್ಲ! ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಕೂಟಶಾಸನಗಳೆಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ಹಟ ಹಿಡಿದು ವಾದಿಸಿದರು, ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಆ ಜಗಳದಲ್ಲಿ ಹೆಚ್ಚು ಮಾತು ನಡೆದದ್ದು ಲಿಪಿ ಮತ್ತು ತಿಥಿಗಳ ಮೇಲೆ. ಆದರೂ ಖೋಟಾ ಮಾಡುವವನಿಗೆ ತಗಡಿನಷ್ಟೇ ಮುದ್ರೆಯೂ ಬೇಕಾಗುತ್ತಿತ್ತು ಎಂಬುದನ್ನು ಮರೆಯಲಾಗದು.

ಮುದ್ರೆಯ ಮೇಲಿನದು ಲಾಂಛನ, ಬಟ್ಟೆಯ ಮೇಲಿನದು ಧ್ವಜ. ನಮ್ಮ ಶಾಸನಗಳು ಈ ಎರಡನ್ನು ಬೇರೆಬೇರೆಯಾಗಿಯೇ ಹೇಳುತ್ತವೆ. ಕದಂಬರಿಗೆ ಸಿಂಹ ಲಾಂಛನ, ವಾನರ ಧ್ವಜ. ಸವದತ್ತಿಯ ರಟ್ಟರಿಗೆ ಆನೆ ಲಾಂಛನ, ಚಿನ್ನದ ಗರುಡ ಧ್ವಜ. ತಲಕಾಡಿನ ಗಂಗರಿಗೆ ಮದಗಜ ಲಾಂಛನ, ಧ್ವಜದಲ್ಲಿ ನವಿಲುಗರಿಯ ಕುಂಚ. ಮುದ್ರೆ ಮನೆಯೊಳಗಿನದು, ಕಡತದ್ದು. ಧ್ವಜ ಬಯಲಿನದು, ದೂಳಿನ ನಡುವೆ ದೂರದಿಂದ ಕಾಣಬೇಕಾದದ್ದು. ಒಂದು ಮನೆತನ ಎರಡು ಪ್ರಾಣಿಗಳನ್ನು ಸಾಕಿಕೊಂಡಿದ್ದರ ಕಾರಣ ಈ ಕೆಲಸದ ಭೇದದಲ್ಲಿದೆ.

ಯುರೋಪಿನಲ್ಲಿ ಈ ಪದ್ಧತಿ ಗಟ್ಟಿಯಾದದ್ದು 12ನೆಯ ಶತಮಾನದಲ್ಲಿ. 1128ರಲ್ಲಿ ಇಂಗ್ಲೆಂಡಿನ ಮೊದಲನೆಯ ಹೆನ್ರಿ ತನ್ನ ಅಳಿಯನಾಗಲಿದ್ದ ಆಂಜುವಿನ ಜೆಫ್ರಿಗೆ ಚಿನ್ನದ ಸಿಂಹಗಳಿದ್ದ ಗುರಾಣಿ ಕೊಟ್ಟನೆಂದು ನಂತರದ ಚರಿತ್ರಕಾರನೊಬ್ಬ ಬರೆದ. ಜೆಫ್ರಿಯ ಸಮಾಧಿಗೆಂದು ಮಾಡಿದ ಎನಾಮೆಲ್ ಫಲಕದಲ್ಲಿ ಆ ಸಿಂಹಗಳು ಇಂದಿಗೂ ನೀಲಿ ಗುರಾಣಿಯ ಮೇಲೆ ಎದ್ದು ನಿಂತಿವೆ. ಅಲ್ಲಿ ಲಾಂಛನ ಗುರಾಣಿಯಲ್ಲಿ ಹುಟ್ಟಿತು. ಇಲ್ಲಿ ಅದು ದಾನಪತ್ರದ ಮುದ್ರೆಯಲ್ಲಿ ಬೆಳೆಯಿತು. ಅಲ್ಲಿನ ಪ್ರಶ್ನೆ ಕಬ್ಬಿಣದ ಮುಖವಾಡದೊಳಗೆ ಇರುವವನು ಯಾರು ಎಂಬುದು. ಇಲ್ಲಿನ ಪ್ರಶ್ನೆ ಈ ಹೊಲವನ್ನು ಕೊಟ್ಟವನು ಯಾರು, ಕೊಡುವ ಅಧಿಕಾರ ಅವನಿಗೆ ಇತ್ತೇ ಎಂಬುದು.

ಅಧಿಕಾರದ ಆ ಪ್ರಶ್ನೆಗೆ ಚಾಲುಕ್ಯರು ಕೊಟ್ಟ ಉತ್ತರವೇ ವರಾಹ. ನಾರಾಯಣನ ಅನುಗ್ರಹದಿಂದ ಈ ಲಾಂಛನ ತಮಗೆ ದೊರೆಯಿತು, ಅದನ್ನು ಕಂಡೊಡನೆ ಬೇರೆ ಅರಸರೆಲ್ಲ ಮಣಿದರು ಎಂಬ ಮಾತು ಅವರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ಬಿರುದುಗಳಲ್ಲಿ ಮುಖ್ಯವಾದದ್ದು ಪೃಥ್ವೀವಲ್ಲಭ. ಭೂಮಿಗೆ ಗಂಡನಾದವನು ಭೂಮಿಯನ್ನು ನೀರಿನಿಂದ ಎತ್ತಿದವನನ್ನು ಬಿಟ್ಟು ಇನ್ನಾರ ಗುರುತು ಹಿಡಿದಾನು? 578ರಲ್ಲಿ ಮಂಗಲೇಶ ಮುಗಿಸಿದ ಬಾದಾಮಿಯ ಮೂರನೆಯ ಗುಹೆಯಲ್ಲಿ ಆ ಉತ್ತರ ಕಲ್ಲಾಗಿ ನಿಂತಿದೆ. ಮನುಷ್ಯನ ಮೈ, ಹಂದಿಯ ಮುಖ, ಮೇಲೆತ್ತಿದ ಕೈಯಲ್ಲಿ ಪುಟ್ಟ ಭೂದೇವಿ. ಮೂತಿ ಹುಡುಕುವುದು ಅವಳನ್ನೇ. ಭೀಮಬಲದ ಆ ಮೈಯ ಮುಂದೆ ಅವಳು ನಿಶ್ಚಿಂತೆಯಿಂದ ಇದ್ದಾಳೆ. ರಾಜ್ಯ ಎಂದರೆ ಹೀಗಿರಬೇಕು ಎಂದು ಶಿಲ್ಪಿಗೆ ಯಾರೋ ಹೇಳಿರಬೇಕು, ಅಥವಾ ಅವನೇ ಅರಸನಿಗೆ ಹೇಳಿರಬೇಕು.

ಇತ್ತ ಹೊಲದ ಹಂದಿಯ ಕಥೆ ಬೇರೆ. ಬಿತ್ತಿದ್ದನ್ನೆಲ್ಲ ಒಂದೇ ರಾತ್ರಿಯಲ್ಲಿ ಕೆದರಿ ಹಾಕುವ ಕಾಡುಹಂದಿಯನ್ನು ಯಾವ ರೈತನೂ ಪೂಜಿಸಲಾರ. ಅದರ ನೆಲ ಕೆದರುವ ಗುಣವನ್ನೇ ನೆಲ ಎತ್ತುವ ಗುಣವಾಗಿ ತಿರುಗಿಸಿದ್ದು ಪುರಾಣ. ಎರಡೂ ಹಂದಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕಾದ ಕಲ್ಲೊಂದಿದೆ. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನಶಿಲೆ ಅದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ 949ರ ಯುದ್ಧದ ಹೊತ್ತಿನದು. ಗಂಗ ಬೂತುಗನ ಪರವಾಗಿ ಕಾದಿದ ಮಣಲೇರ ಎಂಬ ವೀರನಿಗೆ, ಏನು ಬೇಕೋ ಕೇಳು ಎಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಿತು, ಎರಡೂ ಸತ್ತವು. ಮಣಲೇರ ಅದಕ್ಕೊಂದು ಕಲ್ಲು ನೆಡಿಸಿ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಗೊರವ ಉಣ್ಣಬಾರದೆಂದು ಕಟ್ಟಳೆಯನ್ನೂ ಮಾಡಿದ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ಸೆಣಸುತ್ತಿವೆ. ಇಲ್ಲಿ ಹಂದಿ ಲಾಂಛನವಲ್ಲ, ನಾಯಿ ಧ್ವಜವಲ್ಲ. ನಾಯಿಗೆ ಹೆಸರಿದೆ. ಲಾಂಛನದ ಯಾವ ಪ್ರಾಣಿಗೂ ಹೆಸರಿಲ್ಲ, ಅದಕ್ಕೆ ಮನೆತನದ ಹೆಸರೇ ಸಾಕು. ಜೀವವಿದ್ದ ಪ್ರಾಣಿಗೂ ಚಿಹ್ನೆಯಾದ ಪ್ರಾಣಿಗೂ ಇರುವ ಅಂತರವನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಕಲ್ಲು ಸಿಗುವುದು ಕಷ್ಟ.

ಚಾಲುಕ್ಯರ ವರಾಹ ಬಾದಾಮಿಯೊಂದಿಗೆ ಮುಗಿಯಲಿಲ್ಲ. ವೆಂಗಿಗೆ ಹೋಯಿತು, ಕಲ್ಯಾಣದಲ್ಲಿ ಮತ್ತೆ ಎದ್ದಿತು, ಓರುಗಲ್ಲಿನ ಕಾಕತೀಯರಿಗೆ ಬಂತು, ವಿಜಯನಗರದ ಮುದ್ರೆಯಾಯಿತು. ಹಂಪಿಯಲ್ಲಿ ಅದು ಎದುರಿಗೆ ನಿಲ್ಲಿಸಿದ ಕತ್ತಿಯೊಂದಿಗೆ, ತಲೆಯ ಮೇಲೆ ಸೂರ್ಯಚಂದ್ರರೊಂದಿಗೆ ಕಾಣಿಸುತ್ತದೆ. ಸೂರ್ಯಚಂದ್ರರು ಇರುವ ತನಕ ಈ ದಾನ ನಡೆಯಲಿ ಎಂಬ ಶಾಸನದ ಮಾತನ್ನೇ ಅಲ್ಲಿ ಚಿತ್ರ ಮಾಡಲಾಗಿದೆ. ಕೊನೆಗೆ ಚಿನ್ನದ ನಾಣ್ಯದ ಹೆಸರೇ ವರಾಹವಾಯಿತು. ನಾಣ್ಯದ ಮೇಲೆ ಹಂದಿ ಇಲ್ಲದ ಕಾಲದಲ್ಲೂ ಜನ ವರಾಹ ಎಂದೇ ಎಣಿಸಿದರು. 1818ರಲ್ಲಿ ಮದರಾಸು ಸರ್ಕಾರ ರೂಪಾಯಿಯನ್ನು ಲೆಕ್ಕದ ನಾಣ್ಯ ಮಾಡುವವರೆಗೆ ಪುಲಕೇಶಿಯ ಪ್ರಾಣಿ ದಕ್ಷಿಣದ ಸಂತೆಗಳಲ್ಲಿ ಬಾಯಿಂದ ಬಾಯಿಗೆ ಓಡಾಡಿತು.

ಇದು ಉಳಿಸಿಕೊಂಡ ಸಹಿಯ ಕಥೆ. ಕಿತ್ತುಕೊಂಡ ಸಹಿಯ ಕಥೆ ಇನ್ನೂ ಬಿರುಸಿನದು.

ಕೊಲ್ಹಾಪುರ ಜಿಲ್ಲೆಯಲ್ಲಿ, ಕನ್ನಡ ಗಡಿಗೆ ಅಂಟಿಕೊಂಡಂತಿರುವ ನೇಸರಿಯಲ್ಲಿ ಮುಮ್ಮಡಿ ಗೋವಿಂದನ 805ರ ತಾಮ್ರಶಾಸನ ಸಿಕ್ಕಿದೆ. ಅವನು ಯಾರನ್ನು ಸೋಲಿಸಿದ ಎಂದು ಹೇಳಲು ಶಾಸನದ ಕವಿ ಕೋಟೆಗಳ ಹೆಸರು ಹೇಳುವುದಿಲ್ಲ, ಸತ್ತವರ ಲೆಕ್ಕ ಕೊಡುವುದಿಲ್ಲ. ಗುರುತುಗಳನ್ನು ಎಣಿಸುತ್ತಾನೆ. ಪಾಂಡ್ಯನಿಂದ ಮೀನು, ಪಲ್ಲವನಿಂದ ಎತ್ತು, ಚೋಳನಿಂದ ಹುಲಿ, ಗಂಗನಿಂದ ಆನೆ, ಕೇರಳನಿಂದ ಬಿಲ್ಲು, ಚಾಲುಕ್ಯನಿಂದ ವರಾಹ, ದೂರದ ಬಂಗಾಳದ ಧರ್ಮಪಾಲನಿಂದ ತಾರಾ ಭಗವತಿ. ಇವೆಲ್ಲವನ್ನೂ ಕಸಿದುಕೊಂಡ ಗರುಡ ಲಾಂಛನದ ದೊರೆ ಎಂಬುದೇ ಅವನ ಹೊಗಳಿಕೆ. ಓದುತ್ತಿದ್ದರೆ ಕಣ್ಣ ಮುಂದೆ ಒಂದು ಪ್ರಾಣಿಶಾಲೆಯೇ ಬಂದು ನಿಲ್ಲುತ್ತದೆ. ಎಲ್ಲ ಪ್ರಾಣಿಗಳ ಮೇಲೂ ಗರುಡನ ನೆರಳು. ಯುದ್ಧದಲ್ಲಿ ನಿಜವಾಗಿ ಇಷ್ಟೆಲ್ಲ ನಡೆದಿತ್ತೇ ಎಂದು ಕೇಳುವುದು ಇತಿಹಾಸಕಾರರ ಕೆಲಸ, ಕೇಳಲೇಬೇಕು. ಆದರೆ ಗೆಲುವನ್ನು ಹೇಳಲು ಲಾಂಛನಗಳ ಪಟ್ಟಿ ಸಾಕು ಎಂದು ಆ ಕಾಲದವರಿಗೆ ಅನಿಸಿತ್ತಲ್ಲ, ಇಲ್ಲಿ ನಮಗೆ ಬೇಕಾದ ಸತ್ಯ ಅದು.

ಚೋಳರೂ ಇದೇ ಭಾಷೆ ಆಡಿದರು. ಅವರ ದೊಡ್ಡ ತಾಮ್ರಶಾಸನಗಳ ಮುದ್ರೆಯಲ್ಲಿ ಕುಳಿತ ಹುಲಿಯ ಪಕ್ಕಕ್ಕೆ ಎರಡು ಮೀನು, ಒಂದು ಬಿಲ್ಲು. ಪಾಂಡ್ಯ ಮತ್ತು ಚೇರರನ್ನು ಗೆದ್ದ ಮಾತನ್ನು ಅಕ್ಷರವಿಲ್ಲದೆ ಹೇಳಿದ ಬಗೆ ಅದು. ಬಾವುಟಗಳಲ್ಲೂ ಹಾಗೆಯೇ. ಬಾದಾಮಿಯ ವಿಜಯಾದಿತ್ಯ ಉತ್ತರದ ದಂಡಯಾತ್ರೆಯಲ್ಲಿ ಗಂಗಾ ಯಮುನೆಯರ ಚಿಹ್ನೆಗಳೊಂದಿಗೆ ಬಾವುಟಗಳ ಸಾಲಾದ ಪಾಳಿಧ್ವಜವನ್ನೂ ತನ್ನ ತಂದೆಗೆ ಗಳಿಸಿಕೊಟ್ಟ. ಮುಂದೆ ಆ ಪಾಳಿಧ್ವಜ ರಾಷ್ಟ್ರಕೂಟರ ಬಿರುದಾವಳಿಯಲ್ಲಿ ಸೇರಿಕೊಂಡಿತು. ವೇರೂಳಿನ, ಅಂದರೆ ಎಲ್ಲೋರಾದ, ಕೈಲಾಸ ದೇವಾಲಯದ ಅಂಗಳದಲ್ಲಿ ನಿಂತು ನೋಡುವವರು ಗೋಪುರದಷ್ಟೇ ಗಮನವನ್ನು ಅಧಿಷ್ಠಾನಕ್ಕೂ ಕೊಡಬೇಕು. ಸಾಲುಸಾಲಾಗಿ ಆನೆಗಳೂ ಸಿಂಹಗಳೂ ಇಡೀ ಬೆಟ್ಟದಂಥ ಗುಡಿಯನ್ನು ಬೆನ್ನ ಮೇಲೆ ಹೊತ್ತಿವೆ. ರಾಷ್ಟ್ರಕೂಟರು ಸೋಲಿಸಿದ ಗಂಗರದು ಆನೆ ಎಂಬುದು ನೆನಪಾಗದಿರದು. ಶಿಲ್ಪಿಗೆ ಅದೇ ಉದ್ದೇಶವಿತ್ತು ಎಂದು ಹೇಳುವ ಧೈರ್ಯ ಬೇಡ, ಆನೆ ಹೊರುವ ಪ್ರಾಣಿ ಎಂಬ ಸರಳ ಕಾರಣವೇ ಸಾಕಾಗಬಹುದು.

ಗರುಡನ ಬಗ್ಗೆ ಹೇಳುವಾಗ ಶಿಲಾಹಾರರನ್ನು ಬಿಡಲಾಗದು. ಘೋಟಿಯಿಂದ ಕಸಾರಾ ಘಾಟಿ ಇಳಿದರೆ ಠಾಣೆಯ ಶಿಲಾಹಾರರ ಉತ್ತರ ಕೊಂಕಣ, ದಕ್ಷಿಣಕ್ಕೆ ಹೋದರೆ ಕನ್ನಡದಲ್ಲಿ ಶಾಸನ ಬರೆಸಿದ ಕೊಲ್ಹಾಪುರದ ಶಿಲಾಹಾರರು. ತಗರಪುರ, ಅಂದರೆ ಇಂದಿನ ತೇರ್, ತಮ್ಮ ಮೂಲವೆಂದು ಹೇಳಿಕೊಂಡ ಇವರ ಧ್ವಜದಲ್ಲೂ ಚಿನ್ನದ ಗರುಡನೇ. ಆದರೆ ಅದರ ಹಿಂದಿನ ಕಥೆ ಉಳಿದ ಎಲ್ಲರ ಕಥೆಗಿಂತ ಭಿನ್ನ. ಗರುಡನಿಗೆ ದಿನಕ್ಕೊಂದು ನಾಗ ಬಲಿಯಾಗಬೇಕು. ಶಂಖಚೂಡನೆಂಬ ನಾಗನ ಸರದಿ ಬಂದ ದಿನ, ಅವನ ತಾಯಿಯ ಅಳು ಕೇಳಲಾರದೆ ವಿದ್ಯಾಧರ ರಾಜಕುಮಾರ ಜೀಮೂತವಾಹನ ತಾನೇ ಹೋಗಿ ಬಲಿಯ ಬಂಡೆಯ ಮೇಲೆ ಮಲಗಿದ. ಶಿಲೆಯ ಮೇಲೆ ಆಹಾರವಾದವನ ವಂಶ, ಆದ್ದರಿಂದ ಶಿಲಾಹಾರ. ಅವರು ಬಾವುಟಕ್ಕೆ ಏರಿಸಿದ್ದು ತಮ್ಮ ಮೂಲಪುರುಷನನ್ನು ಕೊಕ್ಕಿನಿಂದ ಕುಕ್ಕಿದ ಹಕ್ಕಿಯನ್ನು! ಆ ಹಕ್ಕಿಯನ್ನು ಕಂಡಾಗಲೆಲ್ಲ ತ್ಯಾಗ ನೆನಪಾಗಬೇಕು. ಲಾಂಛನಗಳ ಲೋಕದಲ್ಲಿ ಹಲ್ಲು ಉಗುರುಗಳ ಮಾತೇ ಹೆಚ್ಚು. ಅವುಗಳ ನಡುವೆ ಇದೊಂದು ಮನಸ್ಸು ಕರಗಿಸುವ ಕಥೆ.

ಸಿಂದ ಅರಸರ ಕಥೆಯೂ ಚೆಂದ. ನಾಗರಾಜನ ವಂಶದಲ್ಲಿ ಹುಟ್ಟಿದ ಮೂಲಪುರುಷ ಹುಲಿಯ ಹಾಲು ಕುಡಿದು ಬೆಳೆದ ಎಂದು ಬಾಗಲಕೋಟೆ ಜಿಲ್ಲೆಯ ಭೈರನಮಟ್ಟಿ ಶಾಸನ ಹೇಳುತ್ತದೆ. ಹಾಗಾಗಿ ಅವರಿಗೆ ಹಾವೂ ಸ್ವಂತ, ಹುಲಿಯೂ ಸ್ವಂತ.

ಹುಲಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹೊಯ್ಸಳರ ಮೂಲಪುರುಷ ಸಳ. ಮಲೆನಾಡಿನ ಸೊಸೆವೂರಿನಲ್ಲಿ, ಇಂದಿನ ಅಂಗಡಿಯಲ್ಲಿ, ಜೈನ ಮುನಿಯ ಮೇಲೆ ಹಾರಿದ ಹುಲಿಯನ್ನು ಹೊಡೆದ ತರುಣ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ 1117ರಲ್ಲಿ. ಅದಕ್ಕೆ ಹಿಂದಿನ ವರ್ಷ ವಿಷ್ಣುವರ್ಧನನ ಸೇನೆ ತಲಕಾಡಿನಿಂದ ಚೋಳರನ್ನು ಹೊರಗಟ್ಟಿತ್ತು. ಅವನು ತನ್ನ ಚಿನ್ನದ ನಾಣ್ಯದ ಮೇಲೆ ತಲಕಾಡುಗೊಂಡ ಎಂದು ಕನ್ನಡದಲ್ಲೇ ಬರೆಸಿದ. ಚೋಳರ ಲಾಂಛನ ಹುಲಿ. ಸಳನ ಕಥೆ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ಈ ಗೆಲುವಿನ ಕಾಲದಲ್ಲೇ. ಆದ್ದರಿಂದ ಸಳ ಇರಿದದ್ದು ಕಾಡಿನ ಹುಲಿಯನ್ನಲ್ಲ, ಮುದ್ರೆಯ ಹುಲಿಯನ್ನು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಈ ಉಪನ್ಯಾಸದ ಒಲವೂ ಅತ್ತಲೇ. ಎದುರು ಸಹಿ ಎಂದರೆ ಇದು. ಚೋಳರ ಹುಲಿಯನ್ನು ಕಿತ್ತುಕೊಂಡು ತಮ್ಮ ಮುದ್ರೆಗೆ ಸೇರಿಸುವ ಬದಲು, ಅದನ್ನು ಇರಿಯುವ ಕ್ಷಣವನ್ನೇ ಹೊಯ್ಸಳರು ಲಾಂಛನ ಮಾಡಿಕೊಂಡರು.

ಬೇಲೂರಿನ ಸಳನ ಶಿಲ್ಪದಲ್ಲಿನ ಆ ಪ್ರಾಣಿಯನ್ನು ಹತ್ತಿರದಿಂದ ನೋಡಿದ ಮಕ್ಕಳು ಇದು ಹುಲಿಯಲ್ಲ, ಸಿಂಹ ಎನ್ನುವುದುಂಟು. ಮಕ್ಕಳ ಕಣ್ಣು ಸರಿಯಾಗಿದೆ. ಸುರುಳಿಸುರುಳಿ ಕೇಸರ, ಉಬ್ಬಿದ ಕಣ್ಣು, ಅಗಲ ಬಾಯಿ, ಮೈಮೇಲೆ ಒಡವೆ. ಪಟ್ಟೆ ಇಲ್ಲ. ಮಲೆನಾಡಿನ ಶಿಲ್ಪಿಗೆ ಹುಲಿ ಗೊತ್ತಿರಲೇಬೇಕು. ಸಿಂಹವನ್ನು ಅವನು ಕಂಡಿರುವ ಸಂಭವ ಕಡಿಮೆ. ಆದರೂ ಕಂಡದ್ದನ್ನು ಬಿಟ್ಟು ಗುರುಗಳಿಂದ ಕಲಿತದ್ದನ್ನೇ ಕಡೆದ. ಯುರೋಪಿನ ಕಮ್ಮಾರರೂ ಕಲ್ಲುಕುಟಿಗರೂ ಹಾಗೆಯೇ ಸಿಂಹ ಕಾಣದೆ ಸಿಂಹ ಮಾಡಿದರು. ಲಾಂಛನದಲ್ಲಿ ನಿಜ ಪ್ರಾಣಿ, ಪುರಾಣದ ಪ್ರಾಣಿ ಎಂಬ ಗೆರೆ ನಾವು ತಿಳಿದಷ್ಟು ಗಟ್ಟಿಯಲ್ಲ. ಮುದ್ರೆಗೆ ಬಂದ ಮೇಲೆ ಹುಲಿಯೂ ಅರ್ಧ ಪುರಾಣದ್ದೇ.

ಅದೇ ಬೇಲೂರಿನಲ್ಲಿ ಇನ್ನೊಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಜಿಂಕೆಯಿಂದ ಸಿಂಹದವರೆಗಿನವು ಲೋಕದಲ್ಲಿ ಇರುವ ಪ್ರಾಣಿಗಳು, ಕೊನೆಯ ಎರಡು ಇಲ್ಲದವು. ಸಿಂಹಕ್ಕಿಂತ ದೊಡ್ಡದು ಬೇಕಾದಾಗ ಕಾಡಿನಲ್ಲಿ ಸರಕು ಮುಗಿದಿತ್ತು, ಕಲ್ಪಿಸಲೇಬೇಕಾಯಿತು. ಗಂಡಭೇರುಂಡ ಯಾಕೆ ಹುಟ್ಟಿತು ಎಂದು ಕೇಳುವವರಿಗೆ ಈ ಒಂದು ಕಲ್ಲು ಕೊಡುವಷ್ಟು ನೇರ ಉತ್ತರವನ್ನು ಗ್ರಂಥಗಳು ಕೊಡಲಾರವು. ಎಲ್ಲರ ಲಾಂಛನಗಳ ಮೇಲೆ ನಿಲ್ಲಬಲ್ಲ ಒಂದು ಲಾಂಛನ ಬೇಕಾಗಿತ್ತು.

ಎರಡು ತಲೆಯ ಹಕ್ಕಿ ನಮ್ಮದೊಂದೇ ಸ್ವತ್ತಲ್ಲ. ತುರ್ಕಿಯ ಅಲಾಜಾ ಹೊಯುಕ್‌ನ ಹಿಟ್ಟೈಟ್ ಕಲ್ಲುಗಳಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಅದಿತ್ತು. ತಕ್ಷಶಿಲೆಯ ಸಿರ್ಕಪ್‌ನ ಸ್ತೂಪದ ಗೋಡೆಯಲ್ಲಿ ಅದು ಕೂತಿದೆ. ಬೈಜಾಂಟಿಯಂ ಅದನ್ನು ಹಿಡಿಯಿತು, ರಷ್ಯಾ ಹಿಡಿಯಿತು, ಆಸ್ಟ್ರಿಯಾದ ಹ್ಯಾಪ್ಸ್‌ಬರ್ಗರು ಹಿಡಿದರು, ಆಲ್ಬೇನಿಯಾ ಇಂದಿಗೂ ತನ್ನ ಕೆಂಪು ಬಾವುಟದಲ್ಲಿ ಹಿಡಿದಿದೆ. ಆದರೆ ಆ ಹದ್ದು ರೆಕ್ಕೆ ಹರಡಿಕೊಂಡು ಎರಡು ದಿಕ್ಕು ನೋಡುತ್ತದೆ. ಅದರ ಮಾತು ಪೂರ್ವ ಪಶ್ಚಿಮಗಳೆರಡೂ ನನ್ನವು ಎಂಬುದು. ಗಂಡಭೇರುಂಡ ನೋಡುವುದಿಲ್ಲ, ಹಿಡಿಯುತ್ತದೆ. ವಿಜಯನಗರದ ಅಚ್ಯುತರಾಯ 1529ರಿಂದ 1542ರವರೆಗೆ ಆಳಿದ. ಅವನ ಚಿನ್ನದ ನಾಣ್ಯ ಉಗುರಿನಗಲದ್ದು. ಅಷ್ಟರಲ್ಲೇ ಹಕ್ಕಿ ಎರಡು ಕೊಕ್ಕುಗಳಲ್ಲಿ ಎರಡು ಆನೆ, ಎರಡು ಕಾಲುಗಳಲ್ಲಿ ಮತ್ತೆರಡು ಆನೆ ಹಿಡಿದು ಹಾರುತ್ತಿದೆ. ಟಂಕಸಾಲೆಯ ಅಚ್ಚುಕೆತ್ತುವವನು ಆನೆಗಳ ಸೊಂಡಿಲುಗಳನ್ನೂ ಬಿಟ್ಟಿಲ್ಲ. ಇಲಿ ಹಿಡಿದ ಗೂಬೆಯಷ್ಟು ಸಲೀಸಾಗಿ ಅದು ಆನೆಗಳನ್ನು ಎತ್ತಿಕೊಂಡಿದೆ.

ಕನ್ನಡ ನೆಲದಲ್ಲಿ ಈ ಹಕ್ಕಿಯ ಹಳೆಯ ಪ್ರಸಿದ್ಧ ನೆಲೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆ. 1047ರಲ್ಲಿ, ಕಲ್ಯಾಣದ ಒಂದನೆಯ ಸೋಮೇಶ್ವರನ ಸಾಮಂತ ಚಾಮುಂಡರಾಯರಸ ಅಲ್ಲಿ ಭೇರುಂಡ ಸ್ತಂಭ ನಿಲ್ಲಿಸಿದ. ಅಲ್ಲಿ ಗಂಡಭೇರುಂಡ ಪೂರ್ತಿ ಹಕ್ಕಿಯಲ್ಲ. ಮನುಷ್ಯನ ಮೈ, ಅದರ ಮೇಲೆ ಹಕ್ಕಿಯ ಎರಡು ತಲೆ. ಊರಿನವರಿಗೆ ಆ ಕಂಬ ಇನ್ನೊಂದು ರೀತಿಯಲ್ಲೂ ಹತ್ತಿರವಾಯಿತು. ಬಳ್ಳಿಗಾವೆಯ ಶಾಸನಗಳಲ್ಲಿ ಹೊಲ ಅಳೆಯುವ ಕೋಲಿನ ಹೆಸರು ಭೇರುಂಡ ಗಳೆ. ಅರಸನ ಗುರುತು ಜಮೀನಿನ ಅಳತೆಯಾಯಿತು, ವರಾಹ ನಾಣ್ಯವಾದ ಹಾಗೆ. ಚಿಹ್ನೆಯೊಂದು ಜನರ ಬಾಯಿಗೆ ಬಂತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೆಳದಿಯ ರಾಮೇಶ್ವರ ದೇವಾಲಯದ ಒಳಛಾವಣಿಯಲ್ಲೂ ಗಂಡಭೇರುಂಡವಿದೆ, ಕತ್ತೆತ್ತಿ ನೋಡಬೇಕು. ವಿಜಯನಗರದ ನಂತರ ಅದನ್ನು ಮೈಸೂರಿನ ಒಡೆಯರು ಉಳಿಸಿಕೊಂಡರು. ದಸರೆಯ ದರ್ಬಾರಿನಲ್ಲಿ ಅದು ಅರಸರ ಎದೆಯ ಪದಕವಾಯಿತು, ರೇಷ್ಮೆ ಸೀರೆಯ ಸೆರಗಿಗೂ ಇಳಿಯಿತು. ಆದರೆ ಇಂದು ನಾವು ಕಾಣುವ ರಾಜ್ಯಲಾಂಛನದ ಚೌಕಟ್ಟು, ಅಂದರೆ ನಡುವೆ ಗುರಾಣಿ, ಎರಡು ಪಕ್ಕ ಎದ್ದು ನಿಂತು ಹಿಡಿದ ಪ್ರಾಣಿಗಳು, ಕೆಳಗೆ ಪಟ್ಟಿಯಲ್ಲಿ ಧ್ಯೇಯವಾಕ್ಯ, ಇದು ಯುರೋಪಿನಿಂದ ಬಂದದ್ದು. 1877ರ ದಿಲ್ಲಿ ದರ್ಬಾರಿಗೆ ದೇಶೀ ಸಂಸ್ಥಾನಗಳಿಗೆಲ್ಲ ಬಾವುಟ ಬೇಕಾದಾಗ ಬಂಗಾಳದ ಸಿವಿಲ್ ಸೇವೆಯ ರಾಬರ್ಟ್ ಟೇಲರ್ ಇಂಗ್ಲಿಷ್ ಪದ್ಧತಿಯಲ್ಲಿ ಲಾಂಛನಗಳನ್ನು ಬರೆದುಕೊಟ್ಟ. ಪ್ರಾಣಿಗಳು ಇಲ್ಲಿಯವು, ನಿಲ್ಲಿಸಿದ ಕ್ರಮ ಅಲ್ಲಿಯದು.

ಆ ಕ್ರಮದಲ್ಲಿ ಒಂದು ಸೊಗಸು ತಾನಾಗಿ ಒದಗಿತು. ಕರ್ನಾಟಕದ ಲಾಂಛನದಲ್ಲಿ ಗಂಡಭೇರುಂಡವನ್ನು ಎರಡು ಪಕ್ಕದಲ್ಲೂ ಕಾಯುತ್ತಿರುವುದು ಶರಭ, ಸಿಂಹದ ಮೈಗೆ ಆನೆಯ ಮುಖವಿಟ್ಟ ಪ್ರಾಣಿ. ಪುರಾಣದ ಜಗಳ ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನರಸಿಂಹನ ಉಗ್ರ ತಣಿಸಲು ಶಿವ ಶರಭನಾದ ಎಂಬುದು ಶೈವರ ಮಾತು. ಆ ಶರಭನನ್ನು ಹತ್ತಿಕ್ಕಲು ನರಸಿಂಹ ಗಂಡಭೇರುಂಡನಾದ ಎಂಬುದು ವೈಷ್ಣವರ ಮಾರುತ್ತರ. ಬೇಲೂರಿನ ಕಲ್ಲಿನಲ್ಲಿ ಒಂದು ಇನ್ನೊಂದನ್ನು ತಿನ್ನುತ್ತಿದೆ. ಲಾಂಛನದಲ್ಲಿ ಅವೇ ಎರಡು ಒಂದೇ ಗುರಾಣಿಯನ್ನು ಹಂಚಿಕೊಂಡು ನಿಂತಿವೆ. ಮೇಲೆ ಸಾರನಾಥದ ಅಶೋಕನ ಸಿಂಹಗಳು. ಬ್ರಿಟನ್ನಿನ ಲಾಂಛನದಲ್ಲಿ ಇಂಗ್ಲೆಂಡಿನ ಸಿಂಹವೂ ಸ್ಕಾಟ್ಲೆಂಡಿನ ಒಂಟಿಕೊಂಬಿನ ಕುದುರೆಯೂ 1603ರಲ್ಲಿ ಎರಡು ಸಿಂಹಾಸನಗಳು ಒಬ್ಬ ದೊರೆಗೆ ಬಂದ ಮೇಲೆ ಹೀಗೆಯೇ ಎದುರುಬದುರಾಗಿ ನಿಂತವು. ಅಲ್ಲಿನ ಕುದುರೆಯ ಕೊರಳಿಗೆ ಸರಪಳಿಯಿದೆ. ನಮ್ಮ ಶರಭಕ್ಕೆ ಸರಪಳಿ ಇಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆಯಲ್ಲೂ ಇದೇ ಜೋಡಿ. ಪದವಿ ಪಡೆದ ಲಕ್ಷಾಂತರ ಮಂದಿಯ ಮನೆಯ ಗೋಡೆಯಲ್ಲಿ ಶರಭವೂ ಗಂಡಭೇರುಂಡವೂ ಒಟ್ಟಿಗೆ ಚೌಕಟ್ಟಿನೊಳಗೆ ತೂಗುತ್ತಿವೆ.

ಎದುರು ಸಹಿಯ ಕೊನೆಯ ದೊಡ್ಡ ಉದಾಹರಣೆ ಶ್ರೀರಂಗಪಟ್ಟಣದ್ದು. ಟಿಪ್ಪು ಸುಲ್ತಾನನ ಸೈನಿಕರ ಉಡುಪಿನಲ್ಲಿ ಹುಲಿಪಟ್ಟೆ, ಫಿರಂಗಿಯ ಬಾಯಿಯಲ್ಲಿ ಹುಲಿಮುಖ, ಸಿಂಹಾಸನದ ಸುತ್ತ ಚಿನ್ನದ ಹುಲಿತಲೆಗಳು, ಅದರ ಛತ್ರಿಯ ಮೇಲೆ ಪರ್ಷಿಯನ್ ಕಥೆಗಳ ಹುಮಾ ಹಕ್ಕಿ. ಐರೋಪ್ಯ ಸೈನಿಕನ ಮೇಲೆ ಬಿದ್ದ ಮರದ ಹುಲಿಯ ಹೊಟ್ಟೆಯೊಳಗೆ ಆರ್ಗನ್ ವಾದ್ಯವಿದೆ, ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಬಿದ್ದವನು ಕೈಯೆತ್ತಿ ನರಳುತ್ತಾನೆ. ಅದೀಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಕಂಪನಿ ತನ್ನ ಸೈನಿಕರಿಗೆ ಪದಕ ಮಾಡಿಸಿತು. ಅದರಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿ ಮೆಟ್ಟಿದೆ. ಹುಲಿಯನ್ನು ಇರಿದ ಸಳನ ಶಿಲ್ಪಕ್ಕೂ ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚಾದ ಈ ಪದಕಕ್ಕೂ ನಡುವೆ ಸುಮಾರು ಏಳು ಶತಮಾನ. ವ್ಯಾಕರಣ ಒಂದೇ.

ತೋಪಿಗೆ ಪ್ರಾಣಿಮುಖ ಟಿಪ್ಪುವಿಗಿಂತ ಹಿಂದೆಯೇ ಇತ್ತು. ದೇವಗಿರಿಯ ಕೋಟೆಯನ್ನು ಏರಿದವರು ಅಲ್ಲಿನ ಮೇಂಢಾ ತೋಪನ್ನು ನೋಡಿಯೇ ಇರುತ್ತಾರೆ. ಹಿಂದಿನ ತುದಿಯಲ್ಲಿ ಸುರುಳಿ ಕೊಂಬಿನ ಟಗರಿನ ತಲೆ. ಅದರ ಅಣ್ಣನಂತಿರುವುದು ವಿಜಯಪುರದ ಷರ್ಜಾ ಬುರುಜಿನ ಮಲಿಕ್ ಎ ಮೈದಾನ್. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ ಈ ತೋಪು, ಪರಾಂಡಾ ಕೋಟೆಯಿಂದ 1632ರಲ್ಲಿ ವಿಜಯಪುರದ ಪಾಲಾಯಿತು. ತೋಪಿನ ಬಾಯಿ ಸಿಂಹದ ಬಾಯಿ. ಕೋರೆಗಳ ನಡುವೆ ಪುಟ್ಟ ಆನೆಯೊಂದು ಸಿಕ್ಕಿ ನುಗ್ಗಾಗಿದೆ. ಬಿಸಿಲಿನಲ್ಲೂ ಆ ಲೋಹ ತಣ್ಣಗಿರುತ್ತದೆ ಎನ್ನುತ್ತಾರೆ ಅಲ್ಲಿಯವರು. ಬೇಲೂರಿನ ಕಲ್ಲಿನಲ್ಲಿ ಕಂಡ ಆನೆ ಮತ್ತು ಸಿಂಹವೇ ಇಲ್ಲಿ ಮದ್ದುಗುಂಡಿನ ಕಾಲಕ್ಕೆ ಬಂದಿವೆ. ಎರಕ ಹೊಯ್ದವನ ಧರ್ಮ ಬೇರೆ, ಹೆಸರಿನಲ್ಲೇ ತುರ್ಕರ ನಾಡಿನ ನಂಟು ಇದೆ. ದಖ್ಖನಿನ ಪ್ರಾಣಿಭಾಷೆಯನ್ನು ಅವನು ಕಲಿತೇ ಕೆಲಸ ಮಾಡಿದ.

ಸಿನ್ನರಿನ ಗೊಂದೇಶ್ವರ ದೇವಾಲಯಕ್ಕೆ ಸಂಜೆ ಹೋದರೆ ಜಗಲಿಯ ಸುತ್ತಲಿನ ಆನೆಗಳ ಮೇಲೆ ಓರೆ ಬಿಸಿಲು ಬೀಳುತ್ತದೆ. ಸೇವುಣರ ಚಿನ್ನದ ಗರುಡನಿದ್ದ ಬಟ್ಟೆ ಎಂದೋ ಮಣ್ಣಾಯಿತು. ಆ ಊರಿನಿಂದ ಪೂರ್ವಕ್ಕೆ ಹೊರಟ ರಸ್ತೆ ಶಿರಡಿಗೆ ಹೋಗುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿ ಬಂದ ಕೆಎಸ್‌ಆರ್‌ಟಿಸಿ ಬಸ್ಸು ಬೆಳಗಿನ ಹೊತ್ತು ಅಲ್ಲಿ ನಿಂತಿರುತ್ತದೆ. ಅದರ ಮೈಮೇಲೆ ಗಂಡಭೇರುಂಡ. ಭೀಮೆಯನ್ನು ದಾಟಿದ ದೂಳು ಎರಡೂ ಕೊಕ್ಕುಗಳ ಮೇಲೆ ಕೂತಿರುತ್ತದೆ. ಇಳಿದ ಅಜ್ಜಿಯೊಬ್ಬರು ಮೊಮ್ಮಗನಿಗೆ, ವಾಪಸ್ ಬರುವಾಗ ಎರಡು ತಲೆ ಹಕ್ಕಿ ಇರುವ ಬಸ್ಸನ್ನೇ ನೋಡಿ ಹತ್ತಬೇಕು ಕಣೋ ಎಂದು ಹೇಳುತ್ತಾರೆ. ಸಾಲಾಗಿ ನಿಂತ ಇಷ್ಟು ಬಸ್ಸುಗಳ ನಡುವೆ ಹುಡುಗ ಅದನ್ನು ಇನ್ನೊಮ್ಮೆ ತಿರುಗಿ ನೋಡಿ ಗುರುತು ಇಟ್ಟುಕೊಳ್ಳುತ್ತಾನೆ.